ಸೀಟಿ ಕೂಗಿದರೆ ಒಳಗೆ ಬನ್ನಿ

ಅಕ್ಟೋಬರ್ ೯, ಗುರುವಾರ

ಈ ಪುಸ್ತಕಕ್ಕೆ ಬೀಗ ಬೇಕಿಲ್ಲ. ತಮಿಳು ಸೀಮೆಯಲ್ಲಿರುವ ತೇವಾರಂನ ಈ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಓದಲು ಒಬ್ಬರಿಗೂ ಬರುವುದಿಲ್ಲ. ಮೈಸೂರಿನಲ್ಲಿ ಎಂ.ಎಸ್ಸಿ. ಮಾಡುವಾಗ ಹಾಸ್ಟೆಲಿನ ಹುಡುಗಿಯರು ನನ್ನ ಮಾತು ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ಸಿಟ್ಟಿಗೆ ಅಕ್ಷರ ಕಲಿತೆ. ಈಗ ಅಪ್ಪನ ಅಕ್ಕ ರಂಗಮ್ಮಾಳ್ ಅತ್ತೆ ಬೆನ್ನ ಹಿಂದೆ ನಿಂತು ಇಣುಕಿ, “ಏನ್ ಸೆಲ್ವಿ, ಜಿಲೇಬಿ ಸುತ್ತಿದಂಗೆ ಅದೆ” ಎಂದು ಹೋದರು. ಸುತ್ತುತ್ತೇನೆ, ಯಾರಪ್ಪನ ಗಂಟು ಹೋಗಬೇಕು.

ಇವತ್ತು ತಾರಸಿಯ ಮೇಲೆ ಡಬ್ಬ ಕೂರಿಸಿದೆ. ಡಬ್ಬ ಎಂದರೆ ಕಾಲೇಜಿನವರು ಕೊಟ್ಟ ಯಂತ್ರ. ಒಳಗೊಂದು ಪ್ಲಾಸ್ಟಿಕ್ ಹಲಗೆ. ಆಕಾಶದಿಂದ ಬರುವ ಕಣ ಬಡಿದರೆ ಅದು ಮಿಣುಕ್ ಎನ್ನುತ್ತದೆ, ಯಂತ್ರ ಆ ಮಿಣುಕುಗಳನ್ನು ಎಣಿಸುತ್ತದೆ. ಗುಡುಗಿನ ಮೋಡದಲ್ಲಿ ವಿದ್ಯುತ್ತು ತುಂಬಿದಾಗ ಅದು ಕಣಗಳನ್ನು ಹೆಚ್ಚುಕಡಿಮೆ ಬೆಳಕಿನ ವೇಗಕ್ಕೆ ಅಟ್ಟುತ್ತದೆ. ಕೆಲವು ಮೇಲಕ್ಕೆ, ಬಾನಿನಾಚೆಗೇ ಹೋಗುತ್ತವೆ. ಕೆಲವು ಕೆಳಕ್ಕೆ ಬರುತ್ತವೆ. ಮೋಡದ ಮೇಲ್ಗಡೆ ನಡೆಯುವುದನ್ನು ದಿಂಡಿಗಲ್ ಹತ್ತಿರದ ಗುಡ್ಡದಲ್ಲಿ ಕ್ಯಾಮೆರಾ ಇಟ್ಟುಕೊಂಡ ವಿಘ್ನೇಶ್ವರನ್ ಸರ್ ನೋಡಿಕೊಳ್ಳುತ್ತಾರೆ. ಕೆಳಗಿನದು ನನ್ನ ಪಾಲು. ಇಲ್ಲಿ ಮೋಡ ಬೆಟ್ಟ ದಾಟಲಾಗದೆ ನಮ್ಮ ತಲೆಯ ಮೇಲೇ ಕೂರುತ್ತದೆ, ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಡಿಸೆಂಬರಿನಲ್ಲಿ ಎಲ್ಲಾ ಕಳಚಿಕೊಂಡು ಹೊರಟುಬಿಡುತ್ತೇನೆ. ಅಲ್ಲಿಯವರೆಗೆ ಈ ಸಗಣಿ ವಾಸನೆ ಸಹಿಸಬೇಕು.

ಸಗಣಿ ಯಾಕೆಂದರೆ ಮನೆಗೂ ದೊಡ್ಡಿಗೂ ನಡುವೆ ಇರುವುದು ಒಂದು ಮೋಟುಗೋಡೆ. ದೊಡ್ಡಿಯಲ್ಲಿರುವುದು ನಮ್ಮ ಕುಲದ ದೇವರ ದನ. ಅವುಗಳ ಹಾಲು ಕರೆಯುವಂತಿಲ್ಲ, ಮೂಗುದಾರ ಹಾಕುವಂತಿಲ್ಲ, ಕೋಲು ಎತ್ತುವಂತಿಲ್ಲ, ಎಷ್ಟಿವೆ ಎಂದು ಎಣಿಸುವಂತೆಯೂ ಇಲ್ಲ. ಒಂದು ಪಟ್ಟದ ಹೋರಿ ಇದೆ, ಅದು ಹೋದಲ್ಲಿ ಉಳಿದವು ಹೋಗುತ್ತವೆ. ಸಂಕ್ರಾಂತಿಯ ಮರುದಿನ ದನದ ಹಬ್ಬ, ಮಾಟ್ಟುಪ್ಪೊಂಗಲ್. ಆ ದಿನ ಕಬ್ಬು ಚಾಚಿದಾಗ ಯಾವ ಹೋರಿ ಮೊದಲು ಬಂದು ಬಾಯಿ ಹಾಕುತ್ತದೋ ಅದಕ್ಕೆ ಪಟ್ಟ. ಇವಕ್ಕೆಲ್ಲ ಕಾವಲು ನಮ್ಮಪ್ಪ ಗುರುಸಾಮಿ, ಅಜ್ಜನಿಂದ ಬಂದ ಕೆಲಸ. ಎಣಿಸುವುದಕ್ಕೇ ನನಗೆ ಸಂಬಳ ಕೊಡುತ್ತಾರೆ ಎಂದೆ. ಅಪ್ಪ ಬಹಳ ಹೊತ್ತು ನಕ್ಕರು.

ಅಕ್ಟೋಬರ್ ೧೨, ಭಾನುವಾರ

ಏರಿತು, ಏರಿತು. ಸಂಜೆ ಬೆಟ್ಟದಿಂದ ಮೋಡ ಇಳಿದು ಹಗಲೇ ಕತ್ತಲಾಯಿತು. ಲ್ಯಾಪ್‌ಟಾಪಿನಲ್ಲಿ ಗೆರೆ ನಿಧಾನವಾಗಿ ಮೇಲೆದ್ದಿತು, ಒಂದೆರಡು ನಿಮಿಷ ಹಾಗೇ ಏರುತ್ತಾ ಹೋಯಿತು, ಮಿಂಚು ಹೊಡೆದ ಕ್ಷಣ ದೊಪ್ಪನೆ ಬಿತ್ತು. ಮಿಂಚಿಗೆ ಮುಂಚೆ ಏರಿಕೆ, ಮಿಂಚಿನ ಜೊತೆಗೆ ಇಳಿಕೆ. ಬರೀ ಪುಸ್ತಕದಲ್ಲಿ ಓದಿದ್ದನ್ನು ನಮ್ಮ ತಾರಸಿಯ ಮೇಲೆ ಕಂಡು ಕುಣಿಯುವುದೊಂದು ಬಾಕಿ. ಅತ್ತೆ ಬಾಗಿಲಲ್ಲಿ ನಿಂತು ನೋಡಿ, “ಮದುವೆ ನಿಶ್ಚಯ ಆದಾಗ್ಲೂ ಇವಳು ಇಷ್ಟು ನಗಲಿಲ್ಲ” ಎಂದರು. ಆ ಮದುವೆ ಮುರಿದದ್ದೂ ಒಳ್ಳೆಯದೇ ಆಯಿತು ಎಂದೆ.

ಕಿಟಕಿಯಿಂದ ನೋಡಿದರೆ ಅಪ್ಪ ಮಳೆಯಲ್ಲಿ ಹುಣಸೆಮರದ ಕೆಳಗೆ ದನದ ನಡುವೆ ನಿಂತಿದ್ದಾರೆ, ಹೋರಿಯ ಬೆನ್ನ ಮೇಲೆ ಕೈಯಿಟ್ಟುಕೊಂಡು. ಸಣ್ಣವಳಿದ್ದಾಗಿನಿಂದ ನೋಡಿದ್ದೇನೆ. ಆದರೆ ಇವತ್ತು ನೋಡಿ ಮೈ ಜುಮ್ಮೆಂದಿತು, ಏಕೆಂದರೆ ಆ ಮರದ ಮೇಲೆ ಏನು ತುಂಬಿಕೊಂಡಿತ್ತೆಂದು ಆಗತಾನೇ ನೋಡಿದ್ದೆ. ಪಾಪ, ಮಿಂಚು ಯಾವಾಗ ಬೀಳುತ್ತದೆ ಎಂದು ಗೊತ್ತಿಲ್ಲದೆ ನಿಲ್ಲುತ್ತಾರೆ. ಗೊತ್ತಿದ್ದರೆ ಯಾರು ನಿಲ್ಲುತ್ತಾರೆ?

ಕೂಡಲೇ ಹಳೆಯ ಪೆಟ್ಟಿಗೆಯಿಂದ ಒಂದು ಸೀಟಿ ತೆಗೆದು ಡಬ್ಬಕ್ಕೆ ಜೋಡಿಸಿದೆ. ಎಣಿಕೆ ಏರಿದರೆ ಸೂರಿನಲ್ಲಿ ಅದು ಕೂಗುತ್ತದೆ. ಅಪ್ಪನನ್ನು ಕರೆದು ಎರಡೆರಡು ಸಲ ಹೇಳಿದೆ: ಸೀಟಿ ಕೂಗಿದರೆ ಒಳಗೆ ಬನ್ನಿ. “ಸೆರಿ ತಾಯೀ, ಸೆರಿ” ಎಂದರು. ಮನೆಗೆ ಸಿಡಿಲನ್ನು ನೆಲಕ್ಕಿಳಿಸುವ ಮಿಂಚುಕೋಲು ಹಾಕಿಸಿದ್ದೇನೆ, ಒಳಗಿದ್ದರೆ ಭಯವಿಲ್ಲ.

ಅಕ್ಟೋಬರ್ ೧೪, ಮಂಗಳವಾರ

ಬ್ಯಾಟರಿ ತರಲು ತೇನಿಗೆ ಹೋಗಿದ್ದೆ. ಬಸ್ಸು ಬೋಡಿಯಲ್ಲೇ ಬಹಳ ಹೊತ್ತು ನಿಂತಿತು. ಬಂದು ನೋಡಿದರೆ ಮಧ್ಯಾಹ್ನ ಒಂದು ಏರಿಕೆ ಆಗಿದೆ, ಸಣ್ಣದು. “ಕೂಗ್ತಾ ಅಪ್ಪಾ?” ಎಂದು ಕೇಳಿದೆ.

“ಕೂಗ್ತು. ಒಳ್ಳೆ ಡಬ್ಬ ತಾಯೀ. ಮೊದಲೆಲ್ಲಾ ಮಿಂಚು ಬಂದ ಮೇಲೆ ಗೊತ್ತಾಗ್ತಿತ್ತು. ಈಗ ಮುಂದೇನೇ ಹೇಳ್ತದೆ.”

ಅಪ್ಪ ನನ್ನ ಓದಿನ ಬಗ್ಗೆ ಒಳ್ಳೆಯ ಮಾತಾಡಿದ್ದು ಇದೇ ಮೊದಲು. ಖುಷಿಗೆ ರಾತ್ರಿ ಊಟಕ್ಕೆ ಎರಡು ಮುದ್ದೆ ಹೆಚ್ಚಿಗೆ ನುಂಗಿದೆ.

ಅಕ್ಟೋಬರ್ ೧೭, ಶುಕ್ರವಾರ

ಅಪ್ಪನಿಗೆ ಸಿಡಿಲು ಬಡಿಯಿತು. ಉಸಿರು ಇದೆ. ತೇನಿ ಆಸ್ಪತ್ರೆಯ ವರಾಂಡದಲ್ಲಿ ಕೂತಿದ್ದೇನೆ. ಈ ಪುಸ್ತಕವನ್ನು ಯಾಕೆ ಹಿಡಿದುಕೊಂಡು ಬಂದೆನೋ ಗೊತ್ತಿಲ್ಲ. ಚಪ್ಪಲಿ ಹಾಕಿಕೊಂಡಿಲ್ಲ.

ಅಕ್ಟೋಬರ್ ೧೮, ಶನಿವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಬರೆಯದಿದ್ದರೆ ತಲೆಯೊಳಗೆ ಅದೇ ಮತ್ತೆ ಮತ್ತೆ ಸುತ್ತುತ್ತದೆ.

ನಿನ್ನೆ ದೀಪ ಹಚ್ಚುವ ಹೊತ್ತು ಕಳೆದು ಕತ್ತಲಾಗಿತ್ತು. ಬೆಟ್ಟದ ಕಡೆಯಿಂದ ಗುಡುಗು. ನಾನು ಒಳಕೋಣೆಯಲ್ಲಿ ಗೆರೆ ನೋಡುತ್ತಿದ್ದೆ. ಏರಿತು. ಸೀಟಿ ಕೂಗಿತು. ಮುಂದಿನ ಬಾಗಿಲು ಕಿರ್ ಎಂದಿತು. ಅಪ್ಪ ಒಳಗೆ ಬಂದರು ಎಂದುಕೊಂಡೆ. ತಿರುಗಿ ನೋಡಲಿಲ್ಲ, ಯಾಕೆಂದರೆ ಗೆರೆ ಇದುವರೆಗೆ ಏರದಷ್ಟು ಏರುತ್ತಿತ್ತು. ಇನ್ನಷ್ಟು, ಇನ್ನಷ್ಟು ಎಂದು ಅದಕ್ಕೆ ಹೇಳುತ್ತಿದ್ದೆ. ಬಾಯಿ ಬಿಟ್ಟು ಹೇಳುತ್ತಿದ್ದೆ. ಆಮೇಲೆ ಮನೆಯೆಲ್ಲಾ ಬೆಳ್ಳಗಾಯಿತು, ಗೆರೆ ನೆಲಕ್ಕೆ ಬಿತ್ತು. ಶಬ್ದ ನೆನಪಿಲ್ಲ. ಇಳಿಕೆ ಎಷ್ಟು, ಯಾವ ಸಮಯಕ್ಕೆ ಎಂದು ಚೀಟಿಯಲ್ಲಿ ಗುರುತು ಹಾಕಿಕೊಂಡೆ. ಹಾಕಿಕೊಳ್ಳುತ್ತಿರುವಾಗ ಅತ್ತೆ ಕಿರುಚಿದ್ದು ಕೇಳಿಸಿತು.

ಬಾಗಿಲು ಕಿರ್ ಎಂದದ್ದು ಅಪ್ಪ ಹೊರಗೆ ಹೋದದ್ದು.

ಹುಣಸೆಮರ ಮೇಲಿನಿಂದ ಕೆಳಗಿನವರೆಗೆ ಸಿಪ್ಪೆ ಸುಲಿದಿತ್ತು. ಹೋರಿ ಕಾಲು ಮಡಿಸಿಕೊಂಡು ಮಲಗಿದ ಹಾಗೆ ಸತ್ತಿತ್ತು. ಪಕ್ಕದಲ್ಲಿ ಎರಡು ಹಸು. ಅಪ್ಪ ಗೋಡೆಯ ಹತ್ತಿರ ಬಿದ್ದಿದ್ದರು, ಅಂಗಿ ಹರಿದಿತ್ತು. ಎದೆ ಒತ್ತಿದೆ. ಎಷ್ಟು ಹೊತ್ತು ಒತ್ತಿದೆನೋ. ಉಳಿದ ದನ ಒಂದೂ ಓಡಿರಲಿಲ್ಲ, ನಮ್ಮ ಸುತ್ತ ನಿಂತು ನೋಡುತ್ತಿದ್ದವು.

ಒಳಗೆ ಬರಲಿ ಎಂದು ಕಟ್ಟಿದ ಸೀಟಿ ಅವರನ್ನು ಹೊರಗೆ ಕಳಿಸಿತು. ಇದನ್ನು ಎಷ್ಟು ಸಲ ಬರೆದರೂ ನನಗೆ ಅರ್ಥವಾಗುತ್ತಿಲ್ಲ.

ಅಕ್ಟೋಬರ್ ೧೯, ಭಾನುವಾರ

ಅಪ್ಪ ಕಣ್ಣು ಬಿಟ್ಟರು. ಬಲಗೈ ಏಳುವುದಿಲ್ಲ. ಆ ಕೈಯ ಮೇಲೆ ಕೆಂಪಗೆ ಜರೀಗಿಡದ ಎಲೆ ಬಿಡಿಸಿದ ಹಾಗೆ ಗುರುತು, ಭುಜದವರೆಗೆ. ಡಾಕ್ಟರಮ್ಮ ಅದು ತಾನಾಗಿ ಹೋಗುತ್ತದೆ ಎಂದರು. ನನಗೆ ಅದು ಏನೆಂದು ಗೊತ್ತು, ಹೆಸರೂ ಗೊತ್ತು, ಪರೀಕ್ಷೆಯಲ್ಲಿ ಬರೆದಿದ್ದೇನೆ. ಆದರೂ ಹೊದಿಕೆ ಎಳೆದು ಅದನ್ನು ಮುಚ್ಚಿದೆ.

ಸಂಜೆ ವಿಘ್ನೇಶ್ವರನ್ ಸರ್ ಒಂದು ಚಿತ್ರ ಕಳಿಸಿದರು. ಅವರಿಗೆ ಇನ್ನೂ ವಿಷಯ ಗೊತ್ತಿರಲಿಲ್ಲ. ಶುಕ್ರವಾರದ ಮೋಡ, ಅದರ ಮೇಲೆ ಬಹಳ ಎತ್ತರದಲ್ಲಿ, ವಿಮಾನವೂ ಹೋಗದ ಎತ್ತರದಲ್ಲಿ, ಕೆಂಪು ಜ್ವಾಲೆಗಳು ಸಾಲಾಗಿ ನಿಂತಿವೆ, ಬುಡದಲ್ಲಿ ಬೇರು ಬಿಟ್ಟುಕೊಂಡು. ದೊಡ್ಡ ಸಿಡಿಲು ನೆಲಕ್ಕೆ ಬಡಿದಾಗ ಮರುಕ್ಷಣ ಮೋಡದ ಮೇಲೆ ಹೀಗೆ ಹೊತ್ತಿ ಆರುತ್ತದೆ, ಕಣ್ಣು ಮಿಟುಕಿಸುವುದರೊಳಗೆ. “ನಿಮ್ಮ ಕಡೆಯದೇ ಸಿಡಿಲು, ಸೆಲ್ವಿ. ಜೀವಮಾನದಲ್ಲಿ ಒಮ್ಮೆ ಸಿಗುವ ಚಿತ್ರ” ಎಂದು ಬರೆದಿದ್ದರು. ಸಮಯ ನೋಡಿದೆ. ನನ್ನ ಚೀಟಿಯಲ್ಲಿ ಗುರುತು ಹಾಕಿದ ಅದೇ ಸಮಯ.

ಕೆಳಗೆ ಅಪ್ಪ ಗೋಡೆಗೆ ಹೋಗಿ ಬೀಳುತ್ತಿದ್ದಾಗ ಮೇಲೆ ಇದು ನಡೆಯುತ್ತಿತ್ತು. ಚಿತ್ರ ಎಷ್ಟು ಚೆನ್ನಾಗಿದೆ ಎಂದರೆ ನನಗೆ ಅಸಹ್ಯವಾಯಿತು. ಸರ್‌ಗೆ ಫೋನ್ ಮಾಡಿ ನಡೆದದ್ದು ಹೇಳಿದೆ. ಬೈಯಬೇಕು ಅನ್ನಿಸಿತು, ಬೈಯಲು ಅವರು ಏನೂ ಮಾಡಿರಲಿಲ್ಲ.

ಅತ್ತೆ ಫೋನು ಕಿತ್ತುಕೊಂಡು ಚಿತ್ರವನ್ನು ಬಹಳ ಹೊತ್ತು ನೋಡಿದರು. “ಪಟ್ಟದ ಹೋರಿ ಹೋಗೋಕೆ ದಾರಿಗೆ ಪಂದ ಹಿಡಿದವ್ರೆ” ಎಂದರು. ಪಂದ ಎಂದರೆ ನಮ್ಮ ಮಾತಿನಲ್ಲಿ ಪಂಜು. ಇದರ ಪ್ರಿಂಟು ಬೇಕಂತೆ, ಪೂಜೆಗೆ. ನನಗೆ ಮೈಯೆಲ್ಲಾ ಉರಿಯಿತು. ತಮ್ಮ ಬದುಕಿದ್ದಾನೋ ಇಲ್ಲವೋ ಎಂದು ನೋಡುವುದು ಬಿಟ್ಟು ಹೋರಿಯ ದಾರಿ ನೋಡುತ್ತಿದ್ದೀರಲ್ಲ ಎಂದು ವಾರ್ಡಿನ ನಡುವೆ ಕೂಗಾಡಿದೆ.

ಅಕ್ಟೋಬರ್ ೨೦, ದೀಪಾವಳಿ

ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಬೆಳಿಗ್ಗೆಯಿಂದ ಪಟಾಕಿ. ಒಂದೊಂದಕ್ಕೂ ನಾನು ಕೂತಲ್ಲೇ ಹಾರುತ್ತಿದ್ದೆ. ಅಪ್ಪ ಅಲುಗಲಿಲ್ಲ. ಕಿಟಕಿಯ ಕೆಳಗೇ ಸರಪಟಾಕಿ ಹೊಡೆದರೂ ಛಾವಣಿ ನೋಡುತ್ತಾ ಮಲಗಿದ್ದರು. ಆಗ ಗೊತ್ತಾಯಿತು. ಕಿವಿಯ ಪರದೆ ಎರಡೂ ಹರಿದಿವೆಯಂತೆ. ಎಡಕಿವಿಗೆ ಬಾಯಿಟ್ಟು ಕೂಗಿದರೆ ಸ್ವಲ್ಪ ಕೇಳಿಸಬಹುದು.

ಅಕ್ಟೋಬರ್ ೨೩, ಗುರುವಾರ

ಇವತ್ತು ತಡೆಯಲಾಗಲಿಲ್ಲ, ಕೇಳಿಬಿಟ್ಟೆ. ಎಡಕಿವಿಗೆ ಬಾಯಿಟ್ಟು, ಸೀಟಿ ಕೂಗಿದರೆ ಒಳಗೆ ಬನ್ನಿ ಅಂದಿದ್ದೆನಲ್ಲ, ನೀವು ಹೊರಗೆ ಯಾಕೆ ಹೋದಿರಿ ಎಂದು ಕೂಗಿದೆ. ವಾರ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಅಪ್ಪನಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ಈಗ ತಮ್ಮ ದನಿ ತಮಗೇ ಕೇಳದೆ ಅವರೂ ಜೋರಾಗಿ ಮಾತಾಡುತ್ತಾರೆ. “ಆಕಾಶ ಹೊಡೆಯೋವಾಗ ದನಾನ ಒಂಟಿಯಾಗಿ ಬಿಡಬಾರ್ದು ತಾಯೀ. ಪಟ್ಟದ ಮೇಲೆ ಕೈ ಇರಬೇಕು. ಕೈ ಇದ್ರೆ ಅದು ಬೆದರಲ್ಲ, ಅದು ಬೆದರದಿದ್ರೆ ಬೇರೇವೂ ಬೆದರಲ್ಲ. ಗುಡುಗು ಮುಂಚೆ ದಿಢೀರ್ನೆ ಬರ್ತಿತ್ತು, ನಾ ಓಡೋದ್ರೊಳಗೆ ಎರಡು ಸಲ ಚದುರಿ ಹೋಗಿದ್ವು. ಕೂಗಿದ್ರೆ ತಾನೇ ದನದ ಹತ್ರ ಹೋಗೋ ಹೊತ್ತು ಅಂತ ಗೊತ್ತಾಗೋದು.”

ಹಾಗಾದರೆ ಸೆರಿ ಅಂದದ್ದು ಯಾಕೆ ಎಂದು ಕೇಳಿದೆ.

“ನೀ ಅಕ್ಕರೆಗೆ ಅಂದೆ. ನಾ ಸೆರಿ ಅಂದೆ.”

ಹೊರಗೆ ಬಂದು ನಲ್ಲಿ ತಿರುಗಿಸಿ ಮುಖ ತೊಳೆದೆ, ಮತ್ತೆ ತೊಳೆದೆ. ಮನುಷ್ಯರು ಹೀಗೂ ಇರುತ್ತಾರಾ. ಗೊತ್ತಿದ್ದರೆ ಯಾರು ನಿಲ್ಲುತ್ತಾರೆ ಎಂದು ಬರೆದಿದ್ದೆನಲ್ಲ. ಗೊತ್ತಿದ್ದರೆ ನಮ್ಮಪ್ಪ ಮೊದಲೇ ಹೋಗಿ ನಿಲ್ಲುತ್ತಾರೆ.

ಅಕ್ಟೋಬರ್ ೨೭, ಸೋಮವಾರ

ಮನೆಗೆ ಬಂದೆವು. ಹೋರಿಯನ್ನು ದೊಡ್ಡಿಯ ಮೂಲೆಯಲ್ಲಿ ಮಣ್ಣು ಮಾಡಿದ್ದಾರೆ, ಅರಿಶಿನದ ಬಟ್ಟೆ ಹೊದಿಸಿ, ತಮಟೆ ಬಡಿಸಿ. ಅಪ್ಪ ಅಲ್ಲಿಗೆ ಹೋಗಿ ಕೂತವರು ಊಟಕ್ಕೂ ಏಳಲಿಲ್ಲ. ಊರಿನ ಹಿರಿಯರು ಕಾವಲಿಗೆ ಬೇರೆ ಜನ ನೋಡುತ್ತಾರಂತೆ. ಹೊಸ ಪಟ್ಟ ಮಾಟ್ಟುಪ್ಪೊಂಗಲ್‌ಗೇ. ಅಲ್ಲಿಯವರೆಗೆ ದನ ತಲೆಯಿಲ್ಲದ ಮನೆಯ ಹಾಗೆ. ಒಂದು ಅತ್ತ ಹೊರಟರೆ ಇನ್ನೊಂದು ಇತ್ತ. ಮೋಡ ಕಟ್ಟಿದರೆ ಮಾತ್ರ ಎಲ್ಲವೂ ಅದೇ ಸುಲಿದ ಹುಣಸೆಯ ಕೆಳಗೆ ಹೋಗಿ ನಿಲ್ಲುತ್ತವೆ.

ಕೇಬಲ್ಲು ನೋಡಲು ದೊಡ್ಡಿಗೆ ಹೋಗಿದ್ದೆ. ಹೇಗೂ ಹೋಗಿದ್ದೇನಲ್ಲ ಎಂದು ತೊಟ್ಟಿಗೆ ನೀರು ಬಿಟ್ಟು ಬಂದೆ.

ನವೆಂಬರ್ ೪, ಮಂಗಳವಾರ

ಮಳೆಯಿಲ್ಲ, ಎಣಿಕೆ ಚಪ್ಪಟೆ. ಬೇರೆ ಜನ ಇನ್ನೂ ಸಿಕ್ಕಿಲ್ಲ, ಬೆಳಿಗ್ಗೆ ಸಂಜೆ ನಾನೇ ದನ ಬಿಡುತ್ತಿದ್ದೇನೆ. ದೊಡ್ಡಿಗೆ ಬರಿಗಾಲಲ್ಲೇ ಹೋಗುವುದು, ಕೆಸರಿನಲ್ಲಿ ಚಪ್ಪಲಿ ಜಾರುತ್ತದೆ. ಕಿವಿ ಹರಿದ ಕಂದು ಹಸು ನನ್ನ ಸೆರಗಿನ ತುದಿ ಅರ್ಧ ತಿಂದುಹಾಕಿತು. ಅದಕ್ಕೆ ಬೈದರೆ ಮುಖ ತಿರುಗಿಸಿಕೊಳ್ಳುತ್ತದೆ, ಥೇಟ್ ಅತ್ತೆ.

ಸರ್‌ಗೆ ವಾರದ ವರದಿ ಕಳಿಸುವುದು ಮರೆತೇ ಹೋಗಿದೆ. ನಾಳೆ ಕಳಿಸಬೇಕು.

ನವೆಂಬರ್ ೯, ಭಾನುವಾರ

ನಿನ್ನೆ ಬರೆಯಲಿಲ್ಲ. ಇವತ್ತು ಬರೆಯುತ್ತೇನೆ.

ಮಧ್ಯಾಹ್ನದ ಮೇಲೆ ಮೋಡ ಬಂತು. ಅಪ್ಪ ಒಳಗೆ ಮಣೆಯ ಮೇಲೆ ಕೂತು ಎಡಗೈಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದರು. ಬಾಗಿಲಿಗೆ ಬೆನ್ನು. ಸೀಟಿ ಕೂಗಿತು. ಅಪ್ಪನಿಗೆ ಕೇಳಲಿಲ್ಲ. ನಾನು ಸುಮ್ಮನಿದ್ದರೆ ಸಾಕು, ಅವರು ಬದುಕಿದರು. ಅಷ್ಟೇ ನನಗೆ ಬೇಕಾದದ್ದು, ಮೊದಲಿನಿಂದಲೂ ಅಷ್ಟೇ ಬೇಕಾಗಿತ್ತು. ಅತ್ತೆ ಒಲೆಯ ಹತ್ತಿರದಿಂದ ನನ್ನ ಮುಖ ನೋಡಿದರು. ಅಪ್ಪ ತಲೆಯೆತ್ತಿ, “ಏನ್ ತಾಯೀ, ಮಳೆ ಬರಂಗಿದೆಯಾ?” ಎಂದರು. ಇಲ್ಲ ಎಂದು ತಲೆಯಾಡಿಸಿದೆ.

ಕಿಟಕಿಯಿಂದ ನೋಡಿದರೆ ಎಲ್ಲವೂ ಹುಣಸೆಯ ಕೆಳಗೆ. ಸಾಲದ್ದಕ್ಕೆ ಹೋರಿ ಸತ್ತ ಜಾಗದಲ್ಲೇ ಒತ್ತಿಕೊಂಡು ನಿಂತಿದ್ದವು. ಅಲ್ಲಿಂದ ಅಟ್ಟಿಬಿಡೋಣ ಎಂದು ಮೂಲೆಯಲ್ಲಿದ್ದ ಕೋಲು ತೆಗೆದುಕೊಂಡು ಓಡಿದೆ. ಹೋಗಿ ಎದುರು ನಿಂತು ಕೋಲು ಎತ್ತಬೇಕು, ಕೈ ಏಳಲಿಲ್ಲ. ನೆನೆದ ಕೋಲು ಭಾರವಿತ್ತೋ ಏನೋ. ಬಿಸಾಡಿದೆ. ತೋಳಿನ ಕೂದಲು ನೆಟ್ಟಗೆ ನಿಂತವು. ಅದರ ಅರ್ಥ ನನಗಿಂತ ಚೆನ್ನಾಗಿ ಈ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಮನೆ ಕೂಗಳತೆಯಲ್ಲಿತ್ತು. ಓಡಬಹುದಿತ್ತು.

ಕಂದು ಹಸುವಿನ ಬೆನ್ನ ಮೇಲೆ ಕೈಯಿಟ್ಟೆ. ಚರ್ಮ ಅದುರುತ್ತಿತ್ತು. “ಬಾ ಬಾ, ಬಾ ತಾಯೀ” ಎಂದು ಅಪ್ಪ ಕರೆಯುವ ಹಾಗೆ ಕರೆಯುತ್ತಾ ಮರದಿಂದಾಚೆಗೆ ನಡೆದೆ. ಬಂತು. ಅದರ ಹಿಂದೆ ಒಂದು, ಆಮೇಲೆ ಎಲ್ಲವೂ. ದೊಡ್ಡಿಯ ಕೆಳಗಡೆ ಒಣಗಿದ ಕಾಲುವೆಯ ತಗ್ಗಿದೆ, ಮರವಿಲ್ಲ, ಕಂಬವಿಲ್ಲ. ಅಲ್ಲಿಗೆ ಕರೆದುಕೊಂಡು ಹೋಗಿ ನಡುವೆ ಕುಕ್ಕರುಗಾಲಲ್ಲಿ ಕೂತೆ, ಒಂದು ಕೈ ಕಂದು ಹಸುವಿನ ಕಾಲಿನ ಮೇಲೆ. ಹೆದರಿಕೆಗೆ ಹಲ್ಲು ಕಟಕಟ ಎನ್ನುತ್ತಿದ್ದವು.

ಆಗ ಅಪ್ಪನ ದನಿ. ಮೋಟುಗೋಡೆ ಹಿಡಿದುಕೊಂಡು ಮಳೆಯಲ್ಲಿ ನಿಂತಿದ್ದರು, ಅತ್ತೆ ಅವರ ಸೊಂಟ ತಬ್ಬಿ ಹಿಂದಕ್ಕೆ ಎಳೆಯುತ್ತಿದ್ದರು. “ಸೆಲ್ವೀ, ಒಳಕ್ಕೆ ಬಾ. ದನಾನ ಬಿಟ್ಬಿಡು, ಒಳಕ್ಕೆ ಬಾ.” ಅಳುತ್ತಿದ್ದರು. ಅಪ್ಪ ಅತ್ತದ್ದನ್ನು ನಾನು ಕಂಡಿರಲಿಲ್ಲ. ನಾನು ಏಳಲಿಲ್ಲ. ಎದ್ದರೆ ಹಸು ಬೆದರುತ್ತಿತ್ತು.

ಸಿಡಿಲು ಬೆಟ್ಟದ ಮೇಲೆಲ್ಲೋ ಬಿತ್ತು. ಸೀಟಿ ನಿಂತಿತು. ಅತ್ತೆ ಎಲ್ಲಾ ಇವೆಯಾ ಎಂದು ಕೇಳಿದರು. ಒಂದೊಂದರ ಮುಖ ನೋಡಿ, ಇವೆ ಎಂದೆ.

ನವೆಂಬರ್ ೧೧, ಮಂಗಳವಾರ

ಕಳಿಸಿದ ಎಣಿಕೆ ನೋಡಿ ಸರ್ ಫೋನ್ ಮಾಡಿದ್ದರು. ಶನಿವಾರದ ಏರಿಕೆ ಇದುವರೆಗಿನದರಲ್ಲೇ ದೊಡ್ಡದಂತೆ. ಆ ಹೊತ್ತಿನಲ್ಲಿ ಆಕಾಶ ಹೇಗಿತ್ತು ಎಂದು ಕೇಳಿದರು. ನಾನು ಆಕಾಶ ನೋಡಿರಲಿಲ್ಲ, ಹಾಗೇ ಹೇಳಿದೆ. ಡಿಸೆಂಬರಿನಲ್ಲಿ ಡಬ್ಬವನ್ನು ದಿಂಡಿಗಲ್ ಕಡೆಯ ಬತ್ತಲಗುಂಡಿಗೆ ಸಾಗಿಸಬೇಕಂತೆ, ಒಮ್ಮೆ ಬಂದು ಜಾಗ ನೋಡಿ ಎಂದರು. ಈಗ ಆಗುವುದಿಲ್ಲ ಎಂದೆ. ಪೊಂಗಲ್‌ವರೆಗೂ ದನಕ್ಕೆ ಪಟ್ಟವಿಲ್ಲ, ಬಿಟ್ಟು ಹೇಗೆ ಬರಲಿ? ಅವರಿಗೆ ಅರ್ಥವಾದ ಹಾಗೆ ಕಾಣಲಿಲ್ಲ. ಓದಿದವರಿಗೆ ಕೆಲವು ಮಾತು ಬಿಡಿಸಿ ಹೇಳಬೇಕಾಗುತ್ತದೆ.

ಅಪ್ಪ ಶನಿವಾರದಿಂದ ನನ್ನೊಡನೆ ಮಾತು ಬಿಟ್ಟಿದ್ದರು. ಇವತ್ತು ಸಂಜೆ ಕಡಲೆಕಾಯಿ ಮೊರ ಪಕ್ಕಕ್ಕಿಟ್ಟು ಸೂರಿನ ಕಡೆ ಬೆರಳು ತೋರಿಸಿದರು.

“ಆ ಸೀಟಿ ಕಿತ್ತಾಕು.”

ನಾನು ಸೂರು ನೋಡಿದೆ. “ಕಿತ್ತಾಕು ತಾಯೀ. ನನ್ ಮಾತು ಕೇಳು. ಅದು ಇರಬಾರ್ದು ಮನೇಲಿ” ಎಂದು ಮತ್ತೆ ಅಂದರು.

ಎಂಥ ಮಾತು. ಎಡಕಿವಿಯ ಹತ್ತಿರ ಹೋಗಿ, “ಅದೆಂಗೆ ಅಪ್ಪಾ ಕೀಳೋದು? ಕೂಗಿದ್ರೆ ತಾನೇ ದನದ ಹತ್ರ ಹೋಗೋ ಹೊತ್ತು ಅಂತ ಗೊತ್ತಾಗೋದು” ಎಂದು ಕೂಗಿ ಹೇಳಿದೆ.

ಅಪ್ಪ ನನ್ನ ಮುಖವನ್ನೇ ನೋಡುತ್ತಾ ಕೂತರು. ಒಲೆಯ ಹತ್ತಿರ ಅತ್ತೆಯೂ ಕೈಕೆಲಸ ನಿಲ್ಲಿಸಿದ್ದರು. ಇಬ್ಬರಿಗೂ ಏನಾಗಿದೆಯೋ.

ಕಾಲುವೆಯ ತಗ್ಗಿನಲ್ಲಿ ಜಾಲಿಮುಳ್ಳು ಬೆಳೆದಿದೆ. ನಾಳೆ ಕಡಿಸಬೇಕು, ಎಲ್ಲಾ ದನ ನಿಲ್ಲಲು ಅಲ್ಲಿ ಜಾಗ ಸಾಲದು.